‘ಆಂಬುಲೆನ್ಸ್’: ಒಂದು ಪದದ ಪಾಠ

‘ಆಂಬುಲೆನ್ಸ್’ ಪದ ಇಂಗ್ಲಿಷಿಗೆ ಫ್ರೆಂಚಿನಿಂದ ಬಂದದ್ದು. ಯುದ್ಧಭೂಮಿಯಲ್ಲಿ ಸೇನೆಯ ಹಿಂದೆ ಸಾಗುತ್ತಿದ್ದ ಚಿಕಿತ್ಸಾಲಯವನ್ನು ಫ್ರೆಂಚರು ‘ಓಪಿತಾಲ್ ಆಂಬ್ಯುಲಾಂ’ ಎನ್ನುತ್ತಿದ್ದರು. ‘ಆಂಬುಲಾರೆ’ ಎಂದರೆ ಲ್ಯಾಟಿನ್ನಿನಲ್ಲಿ ನಡೆಯುವುದು. ಅಂದರೆ ಇದು ನಡೆಯುವ ಆಸ್ಪತ್ರೆ. (ತಾನೇ ನಡೆದು ಬರಬಲ್ಲ ರೋಗಿಯನ್ನು ವೈದ್ಯರು ‘ಆಂಬುಲೇಟರಿ’ ಎನ್ನುತ್ತಾರೆ, ಅವನಿಗೆ ಆಂಬುಲೆನ್ಸೇ ಬೇಡ!)

ಹಲಗೂರಿನ ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ಪ್ರಥಮ ಚಿಕಿತ್ಸೆಯ ಪಾಠ ಮಾಡುವಾಗ ಈ ಮೂಲ ಉಪಯೋಗಕ್ಕೆ ಬಂತು. ಪೂರ್ವಜ್ಞಾನ ತಿಳಿಯಲು ಆಂಬುಲೆನ್ಸ್ ಎಂದರೇನೆಂದು ಕೇಳಿದೆ. ‘ನೂರೆಂಟು, ಮಿಸ್’ ಎಂದರು ಹಲವರು. ‘ಆಸ್ಪತ್ರೆಗೆ ಹೊತ್ಕೊಂಡ್ ಹೋಗೋ ಗಾಡಿ’ ಎಂದ ಒಬ್ಬ. ಹಿಂದಿನ ಬೆಂಚಿನ ಹುಡುಗಿ ಮಾತ್ರ, ‘ಅದ್ರಲ್ಲಿ ಹೋದೋರು ವಾಪಸ್ ಬರಕಿಲ್ಲ ಅಂತದೆ ನಮ್ಮಜ್ಜಿ’ ಎಂದಳು. ತರಗತಿ ನಕ್ಕಿತು. ನನಗೆ ಅದೇ ಮುಖ್ಯ ಉತ್ತರವೆನಿಸಿತು. ಗಾಡಿಗೆ ಹೆದರುವ ಮನೆಯವರು ಫೋನ್ ಮಾಡುವುದು ಕೊನೆಯ ಗಳಿಗೆಯಲ್ಲಿ. ಆಗ ಅಜ್ಜಿಯ ಮಾತು ನಿಜವಾಗಿಯೂ ಬಿಡಬಹುದು.

ಆದ್ದರಿಂದ ಲಾರೆಯ ಕಥೆ ಹೇಳಿದೆ. ದೊಮಿನಿಕ್ ಲಾರೆ 1792ರಲ್ಲಿ ಫ್ರೆಂಚ್ ಸೇನೆಯ ಶಸ್ತ್ರವೈದ್ಯನಾಗಿದ್ದ. ಆಗ ಸೇನೆಯ ಚಿಕಿತ್ಸಾಲಯ ಕಾದಾಟದಿಂದ ಬಹುದೂರ ನಿಲ್ಲಬೇಕಿತ್ತು. ಗಾಯಾಳುಗಳು ಕಾದಾಟ ಮುಗಿಯುವವರೆಗೆ ಬಿದ್ದಲ್ಲೇ ಇರುತ್ತಿದ್ದರು. ಎಷ್ಟೋ ಮಂದಿ ಕಾಯುತ್ತಲೇ ಸಾಯುತ್ತಿದ್ದರು. ಲಾರೆ ಕುದುರೆ ಕಟ್ಟಿದ ಹಗುರ ಗಾಡಿಗಳನ್ನು ಮಾಡಿಸಿ, ವೈದ್ಯರನ್ನೂ ಸಲಕರಣೆಗಳನ್ನೂ ಗಾಯಾಳು ಇದ್ದಲ್ಲಿಗೇ ಕಳಿಸಿದ. ಅದಕ್ಕೆ ‘ಹಾರುವ ಆಂಬುಲೆನ್ಸ್’ ಎಂದು ಹೆಸರು. ಹೆಸರು ಬರಿಯ ಗಾಡಿಗಲ್ಲ, ವೈದ್ಯರು, ಸಹಾಯಕರು, ಔಷಧಿ ಸೇರಿದ ಇಡೀ ತಂಡಕ್ಕೆ.

ಪದ ಗಾಡಿಗೆ ಅಂಟಿಕೊಂಡದ್ದು ಇಂಗ್ಲಿಷಿನಲ್ಲಿ, 1850ರ ದಶಕದ ಕ್ರಿಮಿಯಾ ಯುದ್ಧದ ಕಾಲಕ್ಕೆ. ಆದರೂ ಹಳೆಯ ಅರ್ಥ ಬೇಗ ಸಾಯಲಿಲ್ಲ. 1914ರಲ್ಲಿ ಪ್ಯಾರಿಸ್ ಪಕ್ಕದ ನ್ಯೂಯಿಯಲ್ಲಿ ಶಾಲಾ ಕಟ್ಟಡವೊಂದರಲ್ಲಿ ತೆರೆದ ಅಮೆರಿಕನ್ನರ ಯುದ್ಧಾಸ್ಪತ್ರೆಯ ಹೆಸರೂ ‘ಆಂಬುಲೆನ್ಸ್’. ಚಕ್ರವೇ ಇಲ್ಲದ ಆಂಬುಲೆನ್ಸ್ ಎಂದಾಗ ಮಕ್ಕಳಿಗೆ ಬಲು ಮೋಜು.

ಕಪ್ಪುಹಲಗೆಯ ಮೇಲೆ ‘ಸ್ಥಾವರ’, ‘ಜಂಗಮ’ ಎಂದು ಬರೆದು, ಆಸ್ಪತ್ರೆ ಯಾವುದು, ಆಂಬುಲೆನ್ಸ್ ಯಾವುದು ಎಂದು ಕೇಳಿದೆ. ಮೊಬೈಲನ್ನು ಜಂಗಮವಾಣಿ ಎನ್ನುವುದು ಒಬ್ಬನಿಗೆ ಗೊತ್ತಿತ್ತು. ‘ಹಂಗಾರೆ ಇದು ಜಂಗಮಾಸ್ಪತ್ರೆ’ ಎಂದುಬಿಟ್ಟ. ನಿಘಂಟಿನ ‘ರೋಗಿವಾಹನ’ಕ್ಕಿಂತ ಇದು ಮೂಲಕ್ಕೆ ಹತ್ತಿರ ಎಂದು ನನ್ನ ಅಭಿಪ್ರಾಯ.

ಆಮೇಲೆ 108ಕ್ಕೆ ಬಂದೆವು. ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಶುರುವಾದದ್ದು 2008ರಲ್ಲಿ. ಗಾಡಿಯಲ್ಲಿ ಚಾಲಕನ ಜೊತೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರೊಬ್ಬರು, ಆಮ್ಲಜನಕದ ಸಿಲಿಂಡರ್ ಇರುತ್ತವೆ; ಚಿಕಿತ್ಸೆ ಮನೆ ಬಾಗಿಲಲ್ಲೇ ಶುರು. ಪದಮೂಲಕ್ಕೆ ಪಾಠಯೋಜನೆಯಲ್ಲಿ ಐದು ನಿಮಿಷ ಕೊಟ್ಟಿದ್ದೆ, ಹದಿನೈದಾಯಿತು. ಉಳಿದ ಹೊತ್ತಿನಲ್ಲಿ ಬ್ಯಾಂಡೇಜು ಕಟ್ಟುವುದನ್ನು ಬಿಟ್ಟು, 108ಕ್ಕೆ ಕರೆ ಮಾಡಿದಾಗ ಊರು, ದಾರಿ, ಗುರುತು ಹೇಳುವುದನ್ನು ಜೋಡಿಜೋಡಿಯಾಗಿ ಅಭ್ಯಾಸ ಮಾಡಿಸಿದೆ.