ಸದ್ದಡಗಿಸಿ ಸಾಗುವ ರಣಗಾಡಿ

ಮೂಡಲಗಿಯ ಹೊಲಗಳಿಂದ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರು ಏರಿನ ನಡುವೆ ನಿಂತುಹೋದರೆ ಚಾಲಕನು ಪಡುವ ಪಾಡನ್ನು ವಾಚಕರು ನೋಡಿರಬಹುದು. ಎಂಜಿನು ಅಬ್ಬರಿಸುತ್ತದೆ, ಹೊಗೆ ಕಾರುತ್ತದೆ, ಕ್ಲಚ್ಚಿನ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಗಾಡಿ ಮಾತ್ರ ಅಲುಗದು. ಡೀಜಲ್ ಎಂಜಿನಿನ ಸ್ವಭಾವವೇ ಅಂತಹುದು. ಅದು ತಕ್ಕಷ್ಟು ವೇಗದಿಂದ ತಿರುಗುತ್ತಿದ್ದಾಗಲೇ ಅದರಲ್ಲಿ ಕಸುವು. ನಿಂತಲ್ಲಿಂದ ಹೊರೆಯನ್ನು ಕದಲಿಸುವುದು ಅದಕ್ಕೆ ಒಗ್ಗದ ಕೆಲಸ. ಕ್ಲಚ್ಚು, ಗೇರು ಮೊದಲಾದುವೆಲ್ಲ ಈ ಕೊರತೆಯನ್ನು ಮುಚ್ಚಲೆಂದು ಹುಟ್ಟಿಕೊಂಡವು.

ಘಟಪ್ರಭಾ ಸ್ಟೇಶನ್ನಿನಲ್ಲಿ ಸಾವಿರಾರು ಟನ್ನಿನ ಸರಕುಗಾಡಿಯನ್ನು ಮೆಲ್ಲನೆ ಕದಲಿಸಿಕೊಂಡು ಹೊರಡುತ್ತಿದ್ದ ಡೀಜಲ್ ರೈಲು ಎಂಜಿನಿಗೆ ಈ ತೊಡಕು ಹೇಗೆ ಇರಲಿಲ್ಲ? ಅದರ ಒಡಲಲ್ಲಿದ್ದ ಡೀಜಲ್ ಯಂತ್ರವು ಗಾಲಿಗಳನ್ನು ತಿರುಗಿಸುತ್ತಲೇ ಇರಲಿಲ್ಲ! ಅದು ವಿದ್ಯುಜ್ಜನಕವನ್ನು ತಿರುಗಿಸುತ್ತಿತ್ತು. ಅಲ್ಲಿ ಹುಟ್ಟಿದ ವಿದ್ಯುತ್ತು ತಂತಿಯಲ್ಲಿ ಹರಿದು ಅಚ್ಚುಗಳ ಬಳಿಯಿದ್ದ ಮೋಟಾರುಗಳನ್ನು ನಡೆಸುತ್ತಿತ್ತು. ವಿದ್ಯುತ್ ಮೋಟಾರು ನಿಂತ ಗಳಿಗೆಯಲ್ಲಿಯೇ ತನ್ನ ಪೂರ್ಣ ತಿರುಚುಬಲವನ್ನು ಕೊಡಬಲ್ಲುದು. ಈ ಏರ್ಪಾಟಿಗೆ ಒಂದು ದೊಡ್ಡ ಬ್ಯಾಟರಿಯನ್ನು ಸೇರಿಸಿದರೆ ಅದೇ ಹೈಬ್ರಿಡ್ ಚಾಲನೆ. ಹೈಬ್ರಿಡ್ ಜೋಳವನ್ನು ಬಲ್ಲ ನಮ್ಮ ರೈತರಿಗೆ ಈ ಹೆಸರೇನೂ ಹೊಸದಲ್ಲ. ಎರಡು ಕುಲಗಳ ಗುಣವನ್ನು ಒಂದೆಡೆ ಕೂಡಿಸುವುದೇ ಇಲ್ಲಿಯೂ ಉದ್ದೇಶ.

ಸೈನ್ಯಕ್ಕೆ ಈ ವಿಚಾರ ಹಳೆಯದು. ೧೯೧೭ರಲ್ಲಿ ರಣರಂಗಕ್ಕಿಳಿದ ಫ್ರಾನ್ಸಿನ ಸೇಂಟ್ ಶಮಾಂ ಟ್ಯಾಂಕಿನಲ್ಲಿ ಪೆಟ್ರೋಲ್ ಎಂಜಿನು ವಿದ್ಯುತ್ತನ್ನು ಹುಟ್ಟಿಸುತ್ತಿತ್ತು. ಎಡಬಲದ ಸರಪಳಿಪಟ್ಟಿಗಳಿಗೆ ಒಂದೊಂದು ಮೋಟಾರು. ೧೯೪೩ರ ಜುಲೈನಲ್ಲಿ ಕುರ್ಸ್ಕಿನ ಕಾಳಗಕ್ಕೆ ಜರ್ಮನರು ತಂದ ಫರ್ಡಿನಾಂಡ್ ಎಂಬ ೬೫ ಟನ್ನಿನ ದೈತ್ಯವೂ ಇದೇ ಜಾತಿಯದು. ಫರ್ಡಿನಾಂಡ್ ಪೋರ್ಶೆ ರೂಪಿಸಿದ ಈ ಗಾಡಿಗೆ ಎರಡು ಎಂಜಿನು, ಎರಡು ವಿದ್ಯುಜ್ಜನಕ, ಎರಡು ಮೋಟಾರು. ಯುದ್ಧಕಾಲದಲ್ಲಿ ತಾಮ್ರಕ್ಕೆ ಬರ. ಈ ಯಂತ್ರವೋ ತಾಮ್ರವನ್ನು ನುಂಗುವಂಥದು. ತಯಾರಾದದ್ದು ತೊಂಬತ್ತರಷ್ಟು ಮಾತ್ರ. ಕಲ್ಪನೆ ಸರಿಯಾಗಿತ್ತು, ಅದಕ್ಕೆ ಬೇಕಾದ ಹಗುರವಾದ ಸಾಮಗ್ರಿ ಇನ್ನೂ ಹುಟ್ಟಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಎಂಜಿನಿನ ಬಲವು ವಿದ್ಯುತ್ತಾಗಿ, ವಿದ್ಯುತ್ತು ಮತ್ತೆ ಬಲವಾಗುವಾಗ ನಷ್ಟವುಂಟು. ಇಬ್ಬರು ದಲಾಲರು ನೂರಕ್ಕೆ ಐದರಂತೆ ದಸ್ತೂರಿ ಹಿಡಿದರೆ ನೂರು ರೂಪಾಯಿಯಲ್ಲಿ ತೊಂಬತ್ತರಷ್ಟೇ ಕೈಗೆ ಬಂದೀತು. ಆದುದರಿಂದ ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಓಡುವ ಗಾಡಿಗೆ ಈ ಏರ್ಪಾಟಿನಿಂದ ಲಾಭ ಕಡಿಮೆ. ಲಾಭವಿರುವುದು ನಿಂತು ನಿಂತು ಸಾಗುವಾಗ, ಏರಿ ಇಳಿಯುವಾಗ.

ಇಳಿತದ ಲೆಕ್ಕವನ್ನೇ ಮಾಡಿ ನೋಡೋಣ. ಗೋಕಾಕದ ಜಲಪಾತದ ಎತ್ತರ ಸುಮಾರು ೫೨ ಮೀಟರು. ಅಲ್ಲಿ ಬೀಳುವ ನೀರಿನ ಬಲದಿಂದ ೧೮೮೭ರಷ್ಟು ಹಿಂದೆಯೇ ನೂಲಿನ ಗಿರಣಿ ನಡೆಯಿತು. ೨೦ ಟನ್ನಿನ ಕವಚವಾಹನವೊಂದು ಅಷ್ಟೇ ಎತ್ತರದ ಗುಡ್ಡದಿಂದ ಇಳಿಯಿತೆನ್ನಿ. ೨೦,೦೦೦ ಕಿಲೋಗ್ರಾಂ ತೂಕವನ್ನು ೯.೮ರಿಂದಲೂ ೫೨ರಿಂದಲೂ ಗುಣಿಸಿದರೆ ಒಂದು ಕೋಟಿ ಜೂಲುಗಳಿಗೆ ತುಸು ಹೆಚ್ಚು. ಒಂದು ಯೂನಿಟ್ ವಿದ್ಯುತ್ತೆಂದರೆ ೩೬ ಲಕ್ಷ ಜೂಲು. ಅಲ್ಲಿಗೆ ಸುಮಾರು ೨.೮ ಯೂನಿಟ್ಟು. ಸಾಮಾನ್ಯ ಗಾಡಿಯಲ್ಲಿ ಇದರ ಬಹುಭಾಗ ಬ್ರೇಕನ್ನು ಕಾಯಿಸುವುದರಲ್ಲಿಯೇ ಕಳೆದುಹೋಗುತ್ತದೆ. ಹೈಬ್ರಿಡ್ ಗಾಡಿಯಲ್ಲಿ ಮೋಟಾರೇ ಇಳಿಜಾರಿನಲ್ಲಿ ವಿದ್ಯುಜ್ಜನಕವಾಗುತ್ತದೆ. ಅರ್ಧವನ್ನು ಉಳಿಸಿಕೊಂಡರೂ ೧.೪ ಯೂನಿಟ್ಟು ಬ್ಯಾಟರಿಗೆ ಸೇರಿತು.

ಅಷ್ಟರಿಂದ ಏನಾದೀತು? ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿದವರು ಅನೇಕರು. ರಜೆಯ ಮೇಲೆ ಬಂದ ಅಂತಹವರೊಬ್ಬರನ್ನು ಕೇಳಿ ನೋಡಿರಿ. ಗಡಿಯಲ್ಲಿ ರಾತ್ರಿ ಕಾವಲು ನಿಂತ ಗಾಡಿಯಲ್ಲಿ ರೇಡಿಯೋ ಉಲಿಯುತ್ತಿರಬೇಕು, ಇರುಳಿನಲ್ಲಿ ಕಾಣುವ ದುರ್ಬೀನು ನೋಡುತ್ತಿರಬೇಕು. ಅದಕ್ಕೆಂದು ಎಂಜಿನನ್ನು ನಡೆಸಿದರೆ ಸದ್ದು ಶತ್ರುವಿನ ಕಿವಿಗೆ ಬೀಳುತ್ತದೆ; ಅದರ ಕಾವು ಶತ್ರುವಿನ ಉಷ್ಣದರ್ಶಕಕ್ಕೆ ಹಗಲಿನಂತೆ ಕಾಣುತ್ತದೆ. ಉಪಕರಣಗಳು ಒಂದು ಕಿಲೋವ್ಯಾಟಿನಷ್ಟು ಬೇಡುವುದಾದರೆ, ಗುಡ್ಡದಿಂದಿಳಿದು ಗಳಿಸಿದ ಆ ೧.೪ ಯೂನಿಟ್ಟು ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷಗಳ ನಿಶ್ಶಬ್ದವನ್ನು ಕೊಟ್ಟಿತು. ದೊಡ್ಡ ಬ್ಯಾಟರಿಯಿದ್ದರೆ ರಾತ್ರಿಯಿಡೀ ಮೌನವಾಗಿ ಕಾಯಬಹುದು. ಕೆಲವು ಕಿಲೋಮೀಟರು ಮೌನವಾಗಿ ಸಾಗಲೂಬಹುದು. ಅಮೆರಿಕದಲ್ಲಿ ೨೦೨೨ರಲ್ಲಿ ಪ್ರದರ್ಶಿಸಲಾದ ಅಬ್ರಾಮ್ಸ್-ಎಕ್ಸ್ ಎಂಬ ಮಾದರಿ ಟ್ಯಾಂಕಿನ ಹಂಬಲವೂ ಇದೇ. ಇಂಧನವನ್ನು ಉಳಿಸಿದರೆ ಅದನ್ನು ಹೊತ್ತು ತರುವ ಲಾರಿಗಳ ಸಾಲೂ ಮೊಟಕಾಗುತ್ತದೆ. ಶತ್ರು ಹೊಂಚುಹಾಕುವುದು ಹೆಚ್ಚಾಗಿ ಆ ಸಾಲನ್ನೇ.

ನಮ್ಮ ನಾಡಿಗೂ ಈ ವಿದ್ಯೆ ಅಪರಿಚಿತವಲ್ಲ. ಸೈನ್ಯಕ್ಕೆ ಭಾರಿ ಲಾರಿಗಳನ್ನು ಒದಗಿಸಿದ, ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯು ಗಣಿಗಳಿಗಾಗಿ ಬಿಎಚ್ ೨೦೫-ಇ ಎಂಬ ಭಾರಿ ಡಂಪರನ್ನು ರೂಪಿಸಿದೆ. ಅದರಲ್ಲಿಯೂ ಡೀಜಲ್ ಎಂಜಿನು ಹುಟ್ಟಿಸಿದ ವಿದ್ಯುತ್ತೇ ಗಾಲಿಗಳನ್ನು ತಿರುಗಿಸುತ್ತದೆ. ಗಣಿಯ ಡಂಪರಿಗೂ ರಣಗಾಡಿಗೂ ಅಂತರ ಬಹಳ. ಆದರೆ ವಿದ್ಯುತ್ ಚಾಲನೆಯ ಮೂಲಪಾಠ ಒಂದೇ.

ತಂತಿಗೆ ಇನ್ನೊಂದು ಗುಣವಿದೆ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ೧೯೬೯ರಿಂದ ಹಳ್ಳಿಹಳ್ಳಿಗೆ ಎಳೆದ ತಂತಿಯನ್ನು ನೋಡಿದವರು ಬಲ್ಲರು, ತಂತಿ ಬೇಕಾದ ಕಡೆ ಬಾಗುತ್ತದೆ. ಗೇರಿನ ಉಕ್ಕಿನ ದಂಡ ಬಾಗದು. ಆದುದರಿಂದಲೇ ವಿದ್ಯುತ್ ಚಾಲನೆಯ ಗಾಡಿಯಲ್ಲಿ ಎಂಜಿನನ್ನು ಅನುಕೂಲವಾದ ಮೂಲೆಯಲ್ಲಿ ಇರಿಸಿ, ಸಿಬ್ಬಂದಿಯನ್ನು ಸುರಕ್ಷಿತವಾದ ಕಡೆ ಕೂರಿಸಬಹುದು.

ಉಳಿದಿರುವ ಕಷ್ಟಗಳು ಸಣ್ಣವಲ್ಲ. ಗುಂಡು ತಾಗಿದ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಆರಿಸುವುದು ದುಸ್ಸಾಧ್ಯ. ಹೊಳೆ ದಾಟುವಾಗ ನೂರಾರು ವೋಲ್ಟಿನ ತಂತಿಗಳು ನೀರಿನಲ್ಲಿ ಮುಳುಗುತ್ತವೆ. ಲಡಾಖಿನ ಸಂಗತಿಯಂತೂ ವಿಚಿತ್ರವಾದುದು. ಐದು ಸಾವಿರ ಮೀಟರಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟು. ಎಂಜಿನಿಗೆ ಉಸಿರು ಸಾಲದು. ಗಾಳಿಯನ್ನೇ ಬೇಡದ ಮೋಟಾರು ಅಲ್ಲಿ ನೆರವಿಗೆ ಬರಬೇಕು. ಆದರೆ ಅದಕ್ಕೆ ಉಣಿಸುವ ಬ್ಯಾಟರಿ ಹಿಮದ ಚಳಿಗೆ ಮರಗಟ್ಟುತ್ತದೆ. ಅದನ್ನು ಬೆಚ್ಚಗಿಡಲು ಅದರದೇ ವಿದ್ಯುತ್ತನ್ನು ಬಳಸಿದರೆ ಕೂಡಿಟ್ಟದ್ದು ಕರಗಿತು. ಎಂಜಿನನ್ನು ತಣಿಸಿ ಬಿಸಿಯಾದ ನೀರನ್ನೇ ಬ್ಯಾಟರಿಯ ಸುತ್ತ ಹರಿಯಿಸುವುದು ಇದಕ್ಕೊಂದು ಉಪಾಯ. ಎಂಜಿನು ನಿಂತ ಮೇಲೆ ಆ ಕಾವು ಎಷ್ಟು ಹೊತ್ತು ಉಳಿಯುವುದೋ ಕಾವಲಿನ ಮೌನವೂ ಅಷ್ಟು ಹೊತ್ತು.