ಭತ್ತದ ಜೋಡಿ ತಾಕುಗಳ ಲೆಕ್ಕ: ಪಟ್ಟಿಯಿಂದ ಕೋಷ್ಟಕಕ್ಕೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದ ಸಿಂಧನೂರು ತಾಲ್ಲೂಕಿನಲ್ಲಿ ಭತ್ತವೇ ಮುಖ್ಯ ಬೆಳೆ. ಕಾಲುವೆಗೆ ನೀರು ತಡವಾಗಿ ಬಂದ ವರ್ಷ ಕೊನೆಯ ಭಾಗದ ರೈತರಿಗೆ ಸಸಿ ಮಡಿ ಮಾಡಿ ನಾಟಿ ಹಾಕಲು ಸಮಯ ಸಾಲುವುದಿಲ್ಲ. ಅಂಥ ಕಡೆ ಕೂರಿಗೆಯಿಂದ ನೇರವಾಗಿ ಬಿತ್ತುವುದು ಒಂದು ದಾರಿ. ಇದರಿಂದ ಸಸಿ ಮಡಿ, ಕೆಸರು ಮಾಡುವ ಕೆಲಸ ಹಾಗೂ ನಾಟಿಯ ಆಳಿನ ಖರ್ಚು ಉಳಿಯುತ್ತವೆ. ಆದರೆ ಕಳೆಯ ಕಾಟ ಹೆಚ್ಚು. ಹೀಗಿರುವಾಗ ಇಳುವರಿ ಕುಸಿಯುವುದೇ ಎಂಬುದು ರೈತರ ಸಹಜ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳಲು ಒಂದೇ ಹೊಲದಲ್ಲಿ ಎರಡು ತಾಕುಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರಲ್ಲಿ ನಾಟಿ, ಇನ್ನೊಂದರಲ್ಲಿ ಕೂರಿಗೆ ಭತ್ತ ಬೆಳೆದು ನೋಡಬೇಕು.

ಜೋಡಿ ಏಕೆ?

ಕಾಲುವೆಯ ಮೇಲ್ಭಾಗದ ಹೊಲಕ್ಕೂ ಕೊನೆಯ ಭಾಗದ ಹೊಲಕ್ಕೂ ನೀರು, ಮಣ್ಣು, ಚೌಳು ಎಲ್ಲವೂ ಬೇರೆ. ಒಬ್ಬರ ನಾಟಿಯನ್ನು ಇನ್ನೊಬ್ಬರ ಕೂರಿಗೆ ಭತ್ತದೊಡನೆ ಹೋಲಿಸಿದರೆ ವ್ಯತ್ಯಾಸ ಪದ್ಧತಿಯದೋ ಹೊಲದ್ದೋ ತಿಳಿಯದು. ಒಂದೇ ಹೊಲದ ಎರಡು ತಾಕುಗಳಿಗೆ ಮಣ್ಣೂ ನೀರೂ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಉಳಿದ ವ್ಯತ್ಯಾಸವನ್ನು ಪದ್ಧತಿಗೆ ಹಚ್ಚಬಹುದು. ಈ ಜೋಡಿಯನ್ನು ಹೊಲದಲ್ಲಿ ಕಾಪಾಡಿದರಷ್ಟೇ ಸಾಲದು, ಲೆಕ್ಕದಲ್ಲಿಯೂ ಕಾಪಾಡಬೇಕು.

ಪಟ್ಟಿಯಲ್ಲಿ ಅಡಗಿದ ತಪ್ಪು

ಒಕ್ಕಲು ಮುಗಿದಂತೆಲ್ಲ ಇಳುವರಿಯನ್ನು ಒಂದರ ಕೆಳಗೊಂದು ಬರೆದುಕೊಳ್ಳುವುದು ರೂಢಿ. ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ (ಎಕರೆಗೆ 75 ಕಿಲೋ ತೂಕದ ಚೀಲಗಳಲ್ಲಿ):

ಹೊಲ 1, ನಾಟಿ, 32
ಹೊಲ 1, ಕೂರಿಗೆ, 31
ಹೊಲ 2, ನಾಟಿ, 30
ಹೊಲ 2, ಕೂರಿಗೆ, 30
ಹೊಲ 3, ನಾಟಿ, 24
ಹೊಲ 3, ಕೂರಿಗೆ, 26
ಹೊಲ 4, ನಾಟಿ, 20
ಹೊಲ 4, ಕೂರಿಗೆ, 23
ಹೊಲ 5, ನಾಟಿ, 34

ಐದನೆಯ ಹೊಲದ ಕೂರಿಗೆ ತಾಕನ್ನು ತೂಕ ಮಾಡದೆ ರಾಶಿಗೆ ಸೇರಿಸಲಾಗಿದೆ ಎಂದಿಟ್ಟುಕೊಳ್ಳಿ. ಪಟ್ಟಿಯಿಂದಲೇ ಸರಾಸರಿ ತೆಗೆದರೆ ನಾಟಿಗೆ 28 ಚೀಲ, ಕೂರಿಗೆಗೆ 27.5 ಚೀಲ. ನಾಟಿಯೇ ಮೇಲು ಎಂದಾಯಿತು. ಇದನ್ನೇ ಕೋಷ್ಟಕಕ್ಕೆ ತಂದಾಗ:

ಹೊಲ | ನಾಟಿ | ಕೂರಿಗೆ | ವ್ಯತ್ಯಾಸ
1 | 32 | 31 | –1
2 | 30 | 30 | 0
3 | 24 | 26 | +2
4 | 20 | 23 | +3
5 | 34 | ಇಲ್ಲ | –

ಜೋಡಿ ಪೂರ್ತಿಯಾದ ನಾಲ್ಕು ಹೊಲಗಳಲ್ಲಿ ಕೂರಿಗೆ ಭತ್ತ ಸರಾಸರಿ 1 ಚೀಲ ಮುಂದಿದೆ. ತೀರ್ಮಾನವೇ ತಿರುಗಿತು! ಜೋಡಿಯಿಲ್ಲದ ಐದನೆಯ ಹೊಲದ ಒಳ್ಳೆಯ ಬೆಳೆ ನಾಟಿಯ ಸರಾಸರಿಯನ್ನು ಮೇಲೆತ್ತಿತ್ತು. ಇನ್ನೂ ಒಂದು ಸಂಗತಿ ಕಾಣುತ್ತದೆ: ಬೆಳೆ ಚೆನ್ನಾಗಿರುವ ಹೊಲಗಳಲ್ಲಿ ಕೂರಿಗೆಯಿಂದ ಲಾಭವಿಲ್ಲ, ಇಳುವರಿ ಕಡಿಮೆಯಿರುವ ಹೊಲಗಳಲ್ಲಿ ಲಾಭವಿದೆ. ಪಟ್ಟಿಯಲ್ಲಿ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಗಣಕದಲ್ಲಿ ಕೋಷ್ಟಕ ಮಾಡುವ ಬಗೆ

ಐದು ಹೊಲಗಳಾದರೆ ಕೈಯಿಂದಲೇ ಮಾಡಬಹುದು. ಇಡೀ ಹೋಬಳಿಯ ಪ್ರಾತ್ಯಕ್ಷಿಕೆಗಳಾದರೆ 'ಆರ್' ಎಂಬ ಸಂಖ್ಯಾಶಾಸ್ತ್ರದ ಗಣಕ ಭಾಷೆ ನೆರವಾಗುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದಲ್ಲಿ ಇದನ್ನು ರೂಪಿಸಿದರು. ಇದಕ್ಕೆ ಹಣ ಕೊಡಬೇಕಿಲ್ಲ.

ಇದರಲ್ಲಿ 'ರೀಶೇಪ್' ಎಂಬ ಆದೇಶವಿದೆ. ಅದಕ್ಕೆ ಮೂರು ಸಂಗತಿಗಳನ್ನು ಹೇಳಿದರೆ ಸಾಕು: ಜೋಡಿಯನ್ನು ಗುರುತಿಸುವ ಕಲಂ ಯಾವುದು (ಹೊಲದ ಸಂಖ್ಯೆ), ಜೋಡಿಯೊಳಗಿನ ಎರಡನ್ನು ಬೇರ್ಪಡಿಸುವ ಕಲಂ ಯಾವುದು (ಪದ್ಧತಿ), ಮತ್ತು ಉದ್ದವಾಗಿರುವುದನ್ನು ಅಗಲ ಮಾಡಬೇಕು ಎಂಬುದು. ಉಳಿದ ಇಳುವರಿಯ ಕಲಂ ತಾನಾಗಿಯೇ ಎರಡು ಕಲಂಗಳಾಗುತ್ತದೆ. 'ಟೈಡಿ ಆರ್' ಎಂಬ ಜೋಡಣೆಯಲ್ಲಿ 2019ರಲ್ಲಿ ಬಂದ 'ಪಿವಟ್ ವೈಡರ್' ಆದೇಶವೂ ಇದೇ ಕೆಲಸ ಮಾಡುತ್ತದೆ.

ಒಂದು ಹಳೆಯ ಉದಾಹರಣೆ

ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್, 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ 1908ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 10 ರೋಗಿಗಳಿಗೆ ಎರಡು ನಿದ್ರೆ ಔಷಧಿಗಳನ್ನು ಕೊಟ್ಟ ಲೆಕ್ಕವಿದೆ. ಆರ್ ಭಾಷೆಯೊಡನೆ 'ಸ್ಲೀಪ್' ಎಂಬ ಹೆಸರಿನಲ್ಲಿ ಅದು 20 ಸಾಲುಗಳ ಪಟ್ಟಿಯಾಗಿ ದೊರೆಯುತ್ತದೆ; ಅಭ್ಯಾಸಕ್ಕೆ ಒಳ್ಳೆಯದು. ಕೋಷ್ಟಕ ಮಾಡಿದರೆ 10 ಸಾಲುಗಳಾಗುತ್ತವೆ. ಎರಡು ಔಷಧಿಗಳ ನಡುವಿನ ಸರಾಸರಿ ವ್ಯತ್ಯಾಸ 1.58 ಗಂಟೆ. ಜೋಡಿಯನ್ನು ಮರೆತು ಪರೀಕ್ಷಿಸಿದರೆ, ಔಷಧಿಗಳಲ್ಲಿ ಭೇದವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ 100ಕ್ಕೆ ಸುಮಾರು 8. ಜೋಡಿಯಾಗಿ ಪರೀಕ್ಷಿಸಿದರೆ ಅದು 1000ಕ್ಕೆ ಸುಮಾರು 3 ಮಾತ್ರ. ಅಂಕಿಗಳು ಅವೇ, ಜೋಡಿ ಉಳಿಸಿದ್ದರಿಂದ ಉತ್ತರ ಸ್ಪಷ್ಟವಾಯಿತು.

ಗಮನದಲ್ಲಿಡಬೇಕಾದ ಅಂಶಗಳು

1. ಪ್ರತಿ ಹೊಲಕ್ಕೂ ಒಂದೇ ಸಂಖ್ಯೆ ಕೊಟ್ಟು ಎರಡೂ ತಾಕುಗಳಿಗೆ ಅದನ್ನೇ ಬರೆಯಬೇಕು. ರೈತರ ಹೆಸರನ್ನು ನಂಬಬಾರದು. ಒಂದೇ ಹೆಸರಿನವರು ಊರಲ್ಲಿ ಹಲವರಿರುತ್ತಾರೆ.

2. ಪದ್ಧತಿಯ ಹೆಸರನ್ನು ಒಂದೇ ರೀತಿ ಬರೆಯಬೇಕು. 'ಕೂರಿಗೆ' ಎಂದೊಮ್ಮೆ, 'ನೇರ ಬಿತ್ತನೆ' ಎಂದೊಮ್ಮೆ ಬರೆದರೆ ಗಣಕವು ಮೂರನೆಯ ಕಲಂ ಮಾಡುತ್ತದೆ.

3. ಚೀಲ, ಕ್ವಿಂಟಲ್ ಬೆರೆಸಬಾರದು. 75 ಕಿಲೋದ 30 ಚೀಲವೆಂದರೆ 22.5 ಕ್ವಿಂಟಲ್.

4. ಅಳತೆ ಸಿಗದ ತಾಕಿನ ಜಾಗದಲ್ಲಿ ಆರ್ 'ಎನ್‌ಎ' ಎಂದು ತೋರಿಸುತ್ತದೆ. ಅಲ್ಲಿ ಸೊನ್ನೆ ತುಂಬಬಾರದು. ಸೊನ್ನೆಯೆಂದರೆ ಬೆಳೆಯೇ ಬರಲಿಲ್ಲ ಎಂದರ್ಥ.

5. ಒಂದೇ ತಾಕು ಎರಡು ಸಲ ದಾಖಲಾಗಿದ್ದರೆ 'ರೀಶೇಪ್' ಎಚ್ಚರಿಕೆ ಕೊಟ್ಟು ಮೊದಲನೆಯದನ್ನಷ್ಟೇ ಇಟ್ಟುಕೊಳ್ಳುತ್ತದೆ. ಎಚ್ಚರಿಕೆ ಕಂಡ ಕೂಡಲೇ ಮೂಲ ಪುಸ್ತಕ ತೆರೆದು ಸರಿಪಡಿಸಬೇಕು.

6. ನಾಲ್ಕಾರು ಜೋಡಿಗಳಿಂದ ತೀರ್ಮಾನಕ್ಕೆ ಬರಬಾರದು. ಹೆಚ್ಚು ಹೊಲಗಳಲ್ಲಿ, ಒಂದಕ್ಕಿಂತ ಹೆಚ್ಚು ಹಂಗಾಮಿನಲ್ಲಿ ನೋಡಬೇಕು. ಇಳುವರಿಯ ಪಕ್ಕದಲ್ಲಿ ಆಳು, ಕಳೆನಾಶಕ, ಬೀಜದ ಖರ್ಚನ್ನೂ ಇದೇ ಕ್ರಮದಲ್ಲಿ ಬರೆಯಬೇಕು.

ತುರ್ವಿಹಾಳದಂಥ ಕಡೆ ಕೂರಿಗೆ ಹಿಡಿಯಬೇಕೇ, ನಾಟಿ ಮಾಡಬೇಕೇ ಎಂಬುದು ಒಂದು ಹಂಗಾಮಿನ ಆದಾಯದ ಪ್ರಶ್ನೆ. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಸರಾಸರಿಯನ್ನು ಹೇಳುವ ಮೊದಲು ಕೋಷ್ಟಕವನ್ನು ರೈತರ ಮುಂದಿಡಬೇಕು. ರೈತರೂ ತಮ್ಮ ಹೊಲದ ಸಾಲನ್ನು ಅದರಲ್ಲಿ ಹುಡುಕಿ ನೋಡಿ ಅನಂತರ ನಿರ್ಧರಿಸುವುದು ಲೇಸು.