ಮಡಿಲಲ್ಲಿ ಮಗು, ಕೈಯಲ್ಲಿ ಚಿತ್ರಪುಸ್ತಕ

“ಮಗುವಿಗೆ ಇನ್ನೂ ಅಕ್ಷರ ಬಾರದು, ಈಗಲೇ ಪುಸ್ತಕವೇಕೆ?” ಎಂದು ಕೇಳುವವರುಂಟು. “ನಮ್ಮ ಓದೇ ಅಷ್ಟಕ್ಕಷ್ಟೆ, ಮಗುವಿಗೆ ಏನೆಂದು ಓದಿ ಹೇಳೋಣ?” ಎಂದು ಹಿಂಜರಿಯುವವರೂ ಉಂಟು. ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಚಿತ್ರಪುಸ್ತಕವು ಅಕ್ಷರ ಬಲ್ಲವರ ಸ್ವತ್ತಲ್ಲ. ನೋಡುವ ಕಣ್ಣು, ಹೇಳುವ ಬಾಯಿ, ಕೇಳುವ ಕಿವಿ ಇಷ್ಟಿದ್ದರೆ ಅದರ ಕೆಲಸ ನಡೆಯುತ್ತದೆ.

ಈ ಮಾತಿಗೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ನದಿಯ ದಂಡೆಯಲ್ಲಿ ಕನಗನಹಳ್ಳಿ ಎಂಬ ಊರಿದೆ. 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಅಲ್ಲಿ ಅಗೆದಾಗ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ದೊಡ್ಡ ಬೌದ್ಧ ಸ್ತೂಪವೊಂದು ಹೊರಬಂದಿತು. ಅದರ ಕಲ್ಲಿನ ಫಲಕಗಳ ಮೇಲೆ ಬುದ್ಧನ ಬಾಳಿನ ಘಟನೆಗಳು, ಜಾತಕ ಕಥೆಗಳು, ಅರಸರ ಚಿತ್ರಗಳು ಇವೆ. ಹಲವು ಚಿತ್ರಗಳ ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ಒಂದು ಪುಟ್ಟ ಸಾಲನ್ನೂ ಕೊರೆದಿದ್ದಾರೆ. ರಾಣಿಯೊಡನೆ ನಿಂತ ಅಶೋಕ ಚಕ್ರವರ್ತಿಯ ಫಲಕದಲ್ಲಿ ಅವನ ಹೆಸರೇ ಇದೆ. ಅಂದು ಬಂದ ಯಾತ್ರಿಕರಲ್ಲಿ ಓದಬಲ್ಲವರು ಎಷ್ಟು ಮಂದಿ ಇದ್ದಾರು? ಬಲ್ಲವರೊಬ್ಬರು ಚಿತ್ರ ತೋರಿಸಿ ಕಥೆ ಹೇಳಿದರೆ ಉಳಿದವರಿಗೆ ಅಷ್ಟೇ ಸಾಕು. ಯುರೋಪಿನಲ್ಲಿ ಮಕ್ಕಳಿಗಾಗಿಯೇ ಅಚ್ಚಾದ ಮೊದಲ ಚಿತ್ರಪುಸ್ತಕವೆಂದು ಹೆಸರಾದ ಕೊಮೇನಿಯಸ್ ಪಂಡಿತನ ಗ್ರಂಥ ಹೊರಬಂದದ್ದು 1658ರಲ್ಲಿ. ಚಿತ್ರವೂ ಮಾತೂ ಕೂಡಿ ಕಥೆ ಹೇಳುವ ರೀತಿ ನಮ್ಮ ಭೀಮಾ ತೀರಕ್ಕೆ ಹೊಸದಲ್ಲ.

ಇನ್ನು ಸೇಡಂ ತಾಲ್ಲೂಕಿನ ಮಳಖೇಡವನ್ನು ನೆನೆಯಿರಿ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರನ್ನು ಹೊಗಳುವಾಗ, ಓದಿ ಅಭ್ಯಾಸ ಮಾಡದೆಯೂ ಅವರು ಕಾವ್ಯದಲ್ಲಿ ನುರಿತವರೆಂದು ಹೇಳುತ್ತದೆ. ಈ ಹೊಗಳಿಕೆ ನಮ್ಮ ಮನೆಗಳ ಆಯಿ, ಮುತ್ಯಾರಿಗೂ ಸಲ್ಲತಕ್ಕದ್ದು. 2011ರ ಜನಗಣತಿಯಂತೆ ರಾಜ್ಯದಲ್ಲಿ ನೂರಕ್ಕೆ ಸುಮಾರು 75 ಮಂದಿ ಅಕ್ಷರಸ್ಥರಿದ್ದರೆ, ನಮ್ಮ ಜಿಲ್ಲೆಯಲ್ಲಿ ಇದ್ದವರು ಸುಮಾರು 65 ಮಂದಿ. ಓದಲು ಬಾರದ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಅವರ ಕೈಗೆ ಚಿತ್ರಪುಸ್ತಕ ಕೊಟ್ಟು, ಮಗುವನ್ನು ಮಡಿಲಲ್ಲಿ ಕೂರಿಸಿ ನೋಡಿ. ಚಿತ್ರ ಕಂಡೊಡನೆ ಅವರಿಗೆ ಕಥೆ ಹೊಳೆಯುತ್ತದೆ. ಅಚ್ಚಾದ ಸಾಲಿಗೂ ಅವರ ಮಾತಿಗೂ ಹೊಂದಿಕೆಯಾಗದಿದ್ದರೆ ಮಗುವಿಗೆ ಯಾವ ನಷ್ಟವೂ ಇಲ್ಲ.

ಹೀಗೆ ಓದುವುದರಲ್ಲಿ ಒಂದು ಗುಟ್ಟಿದೆ. 1988ರಲ್ಲಿ ಅಮೆರಿಕದ ವೈಟ್‌ಹರ್ಸ್ಟ್ ಮತ್ತು ಅವರ ಸಂಗಡಿಗರು ಎರಡು ವರ್ಷದ ಆಸುಪಾಸಿನ ಮಕ್ಕಳ ವಿಷಯದಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕೆಲವು ತಾಯಿತಂದೆಯರು ಎಂದಿನಂತೆ ಚಿತ್ರಪುಸ್ತಕ ಓದಿ ಹೇಳಿದರು. ಇನ್ನು ಕೆಲವರು ನಡುನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿ, ಮಗುವಿನ ಮಾತನ್ನು ಇನ್ನಷ್ಟು ಬೆಳೆಸಿ ಹೇಳಿದರು. ಒಂದು ತಿಂಗಳಲ್ಲಿ ಎರಡನೆಯ ಗುಂಪಿನ ಮಕ್ಕಳು ಮಾತಿನಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಎಂದರೆ, ಪುಟ ಮುಗಿಸುವ ಆತುರಕ್ಕಿಂತ ಮಗುವಿಗೆ ಬಾಯಿ ಬಿಡಲು ಅವಕಾಶ ಕೊಡುವುದೇ ಮುಖ್ಯ.

ವಾಡಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸಂಜೆಯ ಗಾಡಿ ಹೋಗಿದೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ಮೊಮ್ಮಗಳು ಪುಸ್ತಕದಲ್ಲಿ ಬೆರಳಿಟ್ಟು, “ಮುತ್ಯಾ, ಈ ಆನಿ ಯಾಕ ಅಳ್ಲಾಕತ್ತದ?” ಎನ್ನುತ್ತಾಳೆ. ಮುತ್ಯಾ ತಾನೇ ಉತ್ತರ ಹೇಳಿಬಿಡಬಾರದು. “ನಿನಗ ಏನ್ ಅನಸ್ತದ ಹೇಳು, ಮಗಾ” ಎನ್ನಲಿ. “ಅದರ ಅವ್ವ ಊರಿಗಿ ಹೋಗ್ಯಾಳ” ಎಂದು ಮಗು ಹೇಳಬಹುದು. ಪುಸ್ತಕದಲ್ಲಿ ಇರುವುದು ಬೇರೆ ಕಾರಣವಿರಲಿ. ಮಗು ಮುಖ ನೋಡಿ ದುಃಖವನ್ನು ಗುರುತಿಸಿತು, ಕಾರಣ ಹುಡುಕಿತು, ಒಂದು ವಾಕ್ಯ ಕಟ್ಟಿತು. ಓದಿನ ಆರಂಭವೆಂದರೆ ಇದೇ. ಇಲ್ಲಿ ‘ತಪ್ಪು’ ಎನ್ನುವ ಮಾತು ಸುಳಿಯಕೂಡದು. ಮೊದಲ ಪುಸ್ತಕದೊಡನೆ ಗದರಿಕೆಯೂ ಬಂದರೆ, ಮುಂದೆ ಶಾಲೆಯ ಪುಸ್ತಕ ಕಂಡಾಗಲೂ ಅದೇ ಗದರಿಕೆ ನೆನಪಾಗುತ್ತದೆ.

ಪುಸ್ತಕವನ್ನು ಆರಿಸುವುದು ಹೇಗೆ? ಜಾತ್ರೆಯಲ್ಲಿ, ಬಸ್ ನಿಲ್ದಾಣದ ಅಂಗಡಿಯಲ್ಲಿ ತೂಗುಹಾಕಿದ ಹಣ್ಣು ತರಕಾರಿಗಳ ಪುಸ್ತಕಗಳು ಹೆಸರು ಕಲಿಸುತ್ತವೆ; ಆದರೆ ಅವುಗಳಲ್ಲಿ ಕಥೆ ಇಲ್ಲ. ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ಅಕ್ಷರಗಳನ್ನು ಅಂಗೈಯಿಂದ ಮುಚ್ಚಿರಿ. ಚಿತ್ರವೊಂದರಿಂದಲೇ ‘ಮುಂದೇನಾಯಿತು’ ಎಂಬ ಕುತೂಹಲ ಹುಟ್ಟುತ್ತದೆಯೇ ನೋಡಿ. ಆಮೇಲೆ ಒಂದು ಪುಟವನ್ನು ಗಟ್ಟಿಯಾಗಿ ಓದಿ. ನಾಲಗೆ ತಡವರಿಸಿದರೆ ಆ ಪುಸ್ತಕ ಬೇಡ. ಎರಡು ವರ್ಷದೊಳಗಿನ ಮಗುವಿಗೆ ದಪ್ಪ ರಟ್ಟಿನ ಹಾಳೆ, ಪುಟಕ್ಕೊಂದು ಚಿತ್ರ ಇರಲಿ. ಮೂರು ನಾಲ್ಕರ ಮಗುವಿಗೆ ಮರಳಿ ಮರಳಿ ಬರುವ ಮಾತಿನ ಕಥೆ ಬಲು ಇಷ್ಟ. ಐದಾರರ ಮಗು ಸ್ವಲ್ಪ ಉದ್ದದ ಕಥೆಗೂ ತಾಳುತ್ತದೆ.

ನ್ಯಾಷನಲ್ ಬುಕ್ ಟ್ರಸ್ಟ್ 1957ರಲ್ಲಿ ಸ್ಥಾಪನೆಯಾಯಿತು. ಅದರ ‘ನೆಹರೂ ಬಾಲ ಪುಸ್ತಕಾಲಯ’ ಮಾಲೆಯ ಪುಸ್ತಕಗಳು ಕನ್ನಡದಲ್ಲೂ ಬಂದಿವೆ. ತನ್ನ ಬಣ್ಣ ಸಾಲದೆಂದು ಇತರ ಪ್ರಾಣಿಗಳ ಚಂದವನ್ನು ಬಯಸುವ ರೂಪಾ ಎಂಬ ಆನೆಯ ಕಥೆ ಈ ಮಾಲೆಯದೇ. ಬರೆದು ಚಿತ್ರಿಸಿದವರು ಮಿಕ್ಕಿ ಪಟೇಲ್. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯ ಪುಸ್ತಕಗಳಲ್ಲಿ, ಕೂದಲು ಕತ್ತರಿಸಿಕೊಳ್ಳಲು ಹೊರಟ ಶೃಂಗೇರಿ ಶ್ರೀನಿವಾಸನ ಕಥೆಯಿದೆ. ಯಾರ ಬಳಿಗೆ ಹೋದರೂ ಅವರಿಗೆ ಬಿಡುವಿಲ್ಲ. ಮೂರನೆಯ ಬಾರಿಗೆ ಮಕ್ಕಳೇ ಉತ್ತರ ಕೂಗುತ್ತಾರೆ. ರೋಹಿಣಿ ನಿಲೇಕಣಿಯವರು ಬರೆದದ್ದು. ಚೆನ್ನೈನ ತೂಲಿಕಾ ಪ್ರಕಾಶನದವರೂ ಕನ್ನಡದಲ್ಲಿ ಚಿತ್ರಪುಸ್ತಕ ತಂದಿದ್ದಾರೆ.

ನಮ್ಮ ಹಳೆಯ ಹಾಡುಗಳನ್ನು ಮರೆಯಬೇಡಿ. ರಾಜರತ್ನಂ ಅವರ ‘ತುತ್ತೂರಿ’, ಪಂಜೆ ಮಂಗೇಶರಾಯರ ಶಿಶುಗೀತೆಗಳು, ಇಲಿಗಳ ಹಿಂಡನ್ನು ಕೊಂಡೊಯ್ಯುವ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಪುಣ್ಯಕೋಟಿಯ ‘ಗೋವಿನ ಹಾಡು’ ಇವೆಲ್ಲ ಗಟ್ಟಿಯಾಗಿ ಓದಲೆಂದೇ ಇರುವಂಥವು. ಚಿತ್ರವಿರುವ ಪ್ರತಿ ಸಿಕ್ಕರೆ ಕೊಳ್ಳಿರಿ. ಸಿಗದಿದ್ದರೆ ಹಾಡಿಗೆ ಮಗುವೇ ಚಿತ್ರ ಬರೆಯಲಿ. ಶಹಾಬಾದ ಕಲ್ಲು ಹಾಸಿದ ನೆಲ, ಒಂದು ತುಂಡು ಸೀಮೆಸುಣ್ಣ, ಇವಕ್ಕಿಂತ ಒಳ್ಳೆಯ ಹಾಳೆ ಬೇಕೆ? ಒರೆಸಿದರೆ ನಾಳೆಗೆ ಮತ್ತೆ ಹೊಸದು.

ಭಾಷೆಯ ಮಾತೊಂದು ಉಳಿಯಿತು. ಸೇಡಂ, ಚಿಂಚೋಳಿಯ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಹಾಬಾದ, ವಾಡಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಕನ್ನಡ ಆಡುವ ಮನೆಗಳಲ್ಲೂ ಆಡುವ ಕನ್ನಡ ಒಂದು, ಪುಸ್ತಕದ ಕನ್ನಡ ಇನ್ನೊಂದು. ಮನೆಯ ಮಾತು ಪುಸ್ತಕದಲ್ಲಿಲ್ಲವೆಂದು ಕಂಡ ಮಗು, ‘ಇದು ನನ್ನದಲ್ಲ’ ಎಂದು ಶಾಲೆಯ ಮೊದಲ ದಿನವೇ ಹಿಂದೆ ಸರಿದೀತು. ಆದ್ದರಿಂದ ಚಿತ್ರವನ್ನು ಮೊದಲು ಮನೆಮಾತಿನಲ್ಲಿ ಹೇಳಿ. ಬಳಿಕ ಅಚ್ಚಾದ ಸಾಲನ್ನು ಬೆರಳಾಡಿಸುತ್ತ ಓದಿ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿಯ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಒಂದೇ ಕಥೆ ಎರಡು ಭಾಷೆಗಳಲ್ಲಿ ಸಿಗುವುದೂ ಉಂಟು. ಫೋನಿನಲ್ಲಿ ಓದುವುದಾದರೆ ಫೋನು ಹಿರಿಯರ ಕೈಯಲ್ಲಿರಲಿ. ಅಚ್ಚು ಹಾಕಿಸಿ ಹೊಲಿದುಕೊಂಡರೆ ಇನ್ನೂ ಮೇಲು.

ಕೊಳ್ಳುವ ಶಕ್ತಿಯಿಲ್ಲದವರು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ಕಪಾಟನ್ನು ಕೇಳಿ ನೋಡಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತರಲು ಸರ್ಕಾರ 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಕೇಳುವವರಿದ್ದರೆ ಕಪಾಟು ತುಂಬುತ್ತದೆ.

ರೇಡಿಯೋ ಇರುವ ಮನೆಗೆ ಕಿವಿಯ ಸುಖವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಬಾನುಲಿಯ ದನಿಗೆ ನಿಮ್ಮ ಮಗುವಿನ ಪ್ರಶ್ನೆ ಕೇಳಿಸದು, ನಿಮಗೆ ಕೇಳಿಸುತ್ತದೆ. ರಾತ್ರಿಯ ಊಟವಾದ ಮೇಲೆ ಕಾಲು ಗಂಟೆ ರೇಡಿಯೋ ಮೌನವಾಗಿರಲಿ, ಒಂದು ಪುಸ್ತಕ ತೆರೆಯಲಿ. ನಿನ್ನೆಯ ಪುಸ್ತಕವನ್ನೇ ಮಗು ಇಂದೂ ಕೇಳಿದರೆ ಬೇಸರಪಡದೆ ಅದನ್ನೇ ಓದಿರಿ.